ಪಡುವಲ ಕಡೆಯ ಕನಾತು

ಹಿಂದವಾಡಿಯ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಬಟ್ಟೆಗೆ ಹೆಚ್ಚು ಜಾಗವಿತ್ತು. ಮೂರು ಖೋಲಿಗಳಲ್ಲಿ ಎರಡು ಶಾಮಿಯಾನದ ಬಟ್ಟೆ, ಬಿದಿರು, ಹಗ್ಗ, ಗೂಟಗಳಿಗೆ ಮೀಸಲು. ಉಳಿದೊಂದರಲ್ಲಿ ಅಡುಗೆ, ಊಟ, ನಿದ್ದೆ, ಅಪ್ಪನ ಲಿಂಗಪೂಜೆ, ನನ್ನ ಹೊಲಿಗೆ ಮಶಿನ್ನು. ಅಪ್ಪನದು ಮದುವೆಗೆ, ತೊಟ್ಟಿಲ ಕಾರ್ಯಕ್ಕೆ, ಪ್ರವಚನಕ್ಕೆ ಶಾಮಿಯಾನ ಬಾಡಿಗೆಗೆ ಕೊಡುವ ದಂಧೆ. ಕೊಟ್ಟು ಸುಮ್ಮನಿರುವವನಲ್ಲ, ತಾನೇ ಹೋಗಿ ನಿಂತು ಹಾಕಿಸುವವನು. ನನಗೆ ಹನ್ನೊಂದು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಒಡಹುಟ್ಟಿದವರು ಯಾರೂ ಇಲ್ಲ. ಮನೆಯಲ್ಲಿ ನನ್ನೊಬ್ಬಳನ್ನೇ ಬಿಟ್ಟು ಹೋಗಲು ಧೈರ್ಯ ಸಾಲದೆ ಅಪ್ಪ ಹೋದಲ್ಲೆಲ್ಲ ಕರೆದುಕೊಂಡು ಹೋಗುತ್ತಿದ್ದ. ಹಾಗೆ ಬೆಳಗಾವಿಯ ಅರ್ಧ ಮದುವೆಗಳಿಗೆ ನಾನು ಹೋಗಿದ್ದೇನೆ. ಒಂದಕ್ಕೂ ನನ್ನನ್ನು ಯಾರೂ ಕರೆದಿರಲಿಲ್ಲ.

ಶಾಮಿಯಾನ ಹಾಕುವವರು ಎಲ್ಲರಿಗಿಂತ ಮೊದಲು ಬರಬೇಕು, ಎಲ್ಲರೂ ಹೋದ ಮೇಲೆ ಹೋಗಬೇಕು. ನಡುವಿನ ಹೊತ್ತು, ಅಂದರೆ ಜನ ಇರುವ ಹೊತ್ತು, ನಮ್ಮದಲ್ಲ. ಶಾಮಿಯಾನದ ಸುತ್ತ ಗೋಡೆಯ ಹಾಗೆ ಕಟ್ಟುವ ಬಟ್ಟೆಗೆ ಕನಾತು ಎನ್ನುತ್ತಾರೆ. ಆ ಕನಾತಿನ ಹೊರಬದಿಗೆ, ಸುತ್ತಿಟ್ಟ ಹಗ್ಗದ ಮೇಲೆ ಕುಳಿತು, ಎರಡು ಕನಾತುಗಳ ನಡುವಿನ ಬೆರಳಗಲದ ಸಂದಿಯಿಂದ ನಾನು ಮದುವೆಗಳನ್ನು ನೋಡುತ್ತಿದ್ದೆ. ಒಂದರಲ್ಲಿ ಮದುಮಗಳ ಕಿವಿ ಮಾತ್ರ ಕಂಡಿತ್ತು. ಇನ್ನೊಂದರಲ್ಲಿ ದಪ್ಪ ಮನುಷ್ಯನೊಬ್ಬ ಸಂದಿಗೆ ಬೆನ್ನು ಕೊಟ್ಟು ಕುಳಿತು ಇಡೀ ಮದುವೆಯನ್ನೇ ನುಂಗಿಬಿಟ್ಟ. ಒಳಗೆ ಎಲ್ಲರೂ ಒಟ್ಟಿಗೆ ನಕ್ಕಾಗ ಯಾಕೆ ನಕ್ಕರೆಂದು ತಿಳಿಯದೆ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆದರೆ ಆಗ ಬರುತ್ತಿದ್ದದ್ದು ಸಿಟ್ಟಲ್ಲ, ಒಂಟಿತನ ಎಂದು ತಿಳಿಯಲು ಬಹಳ ವರ್ಷ ಬೇಕಾದವು.

ಬಟ್ಟೆ ಆರಿಸುವುದರಲ್ಲಿ ಅಪ್ಪ ಪಕ್ಕಾ ಇದ್ದ. ಗಿರಾಕಿ ಕೇಳಿದ್ದನ್ನು ಕೊಡುತ್ತಿರಲಿಲ್ಲ, ಕಾರ್ಯಕ್ಕೆ ಬೇಕಾದದ್ದನ್ನು ಕೊಡುತ್ತಿದ್ದ. ಪ್ರವಚನಕ್ಕೆ ಬಿಳಿ, ಯಾಕೆಂದರೆ ಬಿಳಿಯ ಕೆಳಗೆ ಜನ ತೂಕಡಿಸುವುದಿಲ್ಲ. ಮಳೆಯ ಅಂಜಿಕೆ ಇದ್ದರೆ ಹಸಿರು ಕ್ಯಾನ್ವಾಸು. ಒಮ್ಮೆ ನೀಲಿ ಬಟ್ಟೆಯನ್ನು ಆರೋಗ್ಯ ಶಿಬಿರಕ್ಕೆ ಕೊಟ್ಟು ಫಜೀತಿಯಾಗಿತ್ತು. ಅದರ ಕೆಳಗೆ ಚೆನ್ನಾಗಿದ್ದವರೂ ಎರಡು ದಿನ ಉಪವಾಸ ಬಿದ್ದವರಂತೆ ಕಂಡು, ಡಾಕ್ಟರರು ಕೊನೆಗೆ ಮೇಜು ಕುರ್ಚಿ ಎತ್ತಿಸಿಕೊಂಡು ಬೇವಿನ ಗಿಡದ ಕೆಳಗೆ ಹೋಗಿ ಕುಳಿತರು.

ಮದುವೆಗೆ ಮಾತ್ರ ಕೆಂಪು. ಅಂಚಿಗೆ ಹಳದಿ ಪಟ್ಟಿ, ಸುತ್ತ ಜಾಲರಿ. ಕೆಂಪು ಬಟ್ಟೆಯ ಮೇಲೆ ಬಿಸಿಲು ಬಿದ್ದರೆ ಕೆಳಗೆ ಕುಳಿತವರ ಮೈಗೆಲ್ಲ ಅರಿಷಿಣ ಹಚ್ಚಿದ ಹಾಗೆ ಆಗುತ್ತದೆ. ಕಪ್ಪಗಿದ್ದವರು ಎಣ್ಣೆಗೆಂಪಾಗಿ, ಬಿಳಿಚಿದವರು ಗುಲಾಬಿಯಾಗಿ ಕಾಣುತ್ತಾರೆ.

“ಕೆಂಪ ಬಟ್ಟಿ ಕೆಳಗ ಎಲ್ಲಾರೂ ಛಂದ ಕಾಣ್ತಾರವ್ವ. ಆದರ ನಾಲ್ಕೂ ಕಡೆ ಕನಾತ ಗಟ್ಟಿ ಇರಬೇಕು. ಬಾಜೂದಿಂದ ಬಿಸಲ ಬಂತಂದ್ರ ಎಲ್ಲಾ ಬಣ್ಣಾ ಬಯಲಾತು” ಎನ್ನುತ್ತಿದ್ದ ಅಪ್ಪ.

ಸೀರೆ ವ್ಯಾಪಾರಿಯೊಬ್ಬ ಹಟ ಮಾಡಿ ತನ್ನ ಸೇಲಿಗೆ ಈ ಕೆಂಪು ಶಾಮಿಯಾನವನ್ನೇ ಒಯ್ದಿದ್ದ. ಒಂದೇ ದಿನದಲ್ಲಿ ಮಾಲೆಲ್ಲ ಖಾಲಿ. ಮರುದಿನ ಹೆಂಗಸರು ಸೀರೆ ಹಿಡಿದುಕೊಂಡು ಸಾಲಾಗಿ ಬಂದರು. ಒಳಗೆ ಕೊಂಡ ಬಣ್ಣ ಮನೆಗೆ ಬರುವ ಹೊತ್ತಿಗೆ ಬೇರೆಯಾಗಿತ್ತು. ಆ ಕಥೆ ಹೇಳಿ ನಾವಿಬ್ಬರೂ ಎಷ್ಟು ಸಲ ನಕ್ಕಿದ್ದೆವೋ. ಅದೇ ಕಥೆಯಲ್ಲಿ ಒಂದು ದಿನ ನಾನು ಸೀರೆಯಾಗುತ್ತೇನೆಂದು ನನಗೇನು ಗೊತ್ತು.

ಕಟ್ಟುವ ವಿದ್ಯೆಯನ್ನೂ ಅಪ್ಪನೇ ಕಲಿಸಿದ. ಎರೆ ನೆಲವಾದರೆ ಗೂಟ ಸಲೀಸಾಗಿ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಮೇಲೆ ಬರುತ್ತದೆ. ಹಾಗಾಗಿ ಉದ್ದ ಗೂಟ ಬೇಕು, ಶಾಮಿಯಾನದಿಂದ ಹೊರಕ್ಕೆ ವಾಲಿಸಿ ಹೊಡೆಯಬೇಕು. ಖಾನಾಪುರದ ಕಡೆಯ ಕೆಂಪು ಕಲ್ಲುನೆಲದಲ್ಲಿ ಗೂಟವೇ ಇಳಿಯುವುದಿಲ್ಲ. ಅಲ್ಲಿ ಮರಳು ತುಂಬಿದ ಗೋಣಿಚೀಲ, ಬಾವಿಕಟ್ಟೆ, ಹಲಸಿನ ಬೊಡ್ಡೆ, ಏನು ಸಿಕ್ಕರೆ ಅದಕ್ಕೆ ಹಗ್ಗ ಬಿಗಿಯಬೇಕು. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಕನಾತಿನ ಗಂಟು. ಗಾಳಿಗೆ ಸಿಕ್ಕ ಕನಾತು ದೋಣಿಯ ಹಾಯಿ ಇದ್ದಂತೆ, ಇಡೀ ಶಾಮಿಯಾನವನ್ನೇ ಎತ್ತಿಬಿಡುತ್ತದೆ. ಆದ್ದರಿಂದ ದೊಡ್ಡ ಗಾಳಿ ಬಂತೆಂದರೆ ಮೊದಲು ಕನಾತು ಕೆಡವಬೇಕು, ತಲೆಯ ಮೇಲಿನ ಮಾಡಿನ ಮಾತು ಆಮೇಲೆ. ಅದಕ್ಕಾಗಿ ಗಂಟು ಬಿಗಿಯಾಗಿಯೂ ಇರಬೇಕು, ಒಂದೇ ಎಳೆತಕ್ಕೆ ಬಿಚ್ಚಲೂ ಬೇಕು.

“ಉದ್ದ ತುದಿ ಎಳದರ ಬಿಗೀತದ, ಗಿಡ್ಡ ತುದಿ ಎಳದರ ಬಿಚ್ಚತದ” ಎಂದು ಅಪ್ಪ ನನ್ನ ಕೈಯಲ್ಲಿ ಹಗ್ಗ ಕೊಟ್ಟು ಹೇಳುತ್ತಿದ್ದ. “ಗಾಳಿ ಎಳಿಯೂದು ಯಾವಾಗಲೂ ಉದ್ದ ತುದೀನ. ಗಿಡ್ಡ ತುದಿ ಎಳಿಯಾಂವ ಮನಷ್ಯಾ ಒಬ್ಬನ. ಇಷ್ಟ ನೆಪ್ಪಿಟ್ಟರ ಸಾಕು.”

ಅಪ್ಪ ಕಟ್ಟಿದ ಗಂಟು ತಾನಾಗಿ ಜಾರಿದ್ದನ್ನು ಬೆಳಗಾವಿಯಲ್ಲಿ ಯಾರೂ ನೋಡಿರಲಿಲ್ಲ. ಅವನಿಗೆ ಜಂಬವೆನ್ನುವುದು ಇದ್ದರೆ ಅದೊಂದೇ. ಗಂಟು ಹಾಕಿ, ಅಂಗೈಯಿಂದ ಒಮ್ಮೆ ತಟ್ಟಿ, ಹಿಂದಿರುಗಿ ನೋಡದೆ ಮುಂದಿನ ಕಂಬಕ್ಕೆ ಹೋಗುತ್ತಿದ್ದ. ಆ ನಡಿಗೆ ನನಗೆ ಬಹಳ ಇಷ್ಟವಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪನ ತಲೆಗೊಂದು ಹುಚ್ಚು ಹೊಕ್ಕಿತು. ಬಿದಿರು ಹೊತ್ತು ಹೊತ್ತು ಹೆಗಲು ಸೋತಿತ್ತು. ಪರಿಚಯದ ಫೌಂಡ್ರಿಯೊಂದರಲ್ಲಿ ಮೂಲೆಗಳಿಗೆ ಹೊಂದುವ ಎರಕದ ಜೋಡಣೆ ಮಾಡಿಸಿ, ಕಬ್ಬಿಣದ ಪೈಪುಗಳನ್ನು ಅದಕ್ಕೆ ಕೂಡಿಸಿ, ಬಿಚ್ಚಿದರೆ ಕೊಡೆಯ ಹಾಗೆ ಅಗಲವಾಗುವ, ಮಡಚಿದರೆ ಒಂದು ಮಂಚದಷ್ಟಾಗುವ ನಾಲ್ಕು ಕಾಲಿನ ಮಂಟಪವೊಂದನ್ನು ತಯಾರಿಸಿದ. ಮೂವರಿದ್ದರೆ ಅರ್ಧ ತಾಸಿನಲ್ಲಿ ಎದ್ದು ನಿಲ್ಲುತ್ತಿತ್ತು. ಹಗುರವಾಗಿದ್ದರಿಂದ ಗಾಳಿಗೆ ಅಂಜುತ್ತಿತ್ತು. ಪ್ರತಿ ಕಾಲಿಗೂ ಮರಳಿನ ಚೀಲ ಬೇಕೇ ಬೇಕು. ಅದಕ್ಕೆ ಕೆಂಪು ಬಟ್ಟೆಯ ಮಾಡು, ನಾಲ್ಕು ಕೆಂಪು ಕನಾತು. ಅಷ್ಟನ್ನೂ ನಾನೇ ಹೊಲಿದೆ. ಒಂದೂವರೆ ತಿಂಗಳು ಹಿಡಿಯಿತು. ಇಂಥ ಹೊಸ ಬಟ್ಟೆ ಮೊದಲು ಯಾವ ಭಾಗ್ಯವಂತೆಯ ತಲೆಯ ಮೇಲೆ ಏರುತ್ತದೋ ಎಂದು ನಾನು ಮಶಿನ್ನು ತುಳಿಯುತ್ತ ಯೋಚಿಸುತ್ತಿದ್ದೆ.

ನನಗಾಗ ಇಪ್ಪತ್ತನಾಲ್ಕು. ಅಪ್ಪನ ಅಕ್ಕ ಖಾನಾಪುರದಲ್ಲಿದ್ದಳು, ನನಗೆ ಸೋದರತ್ತೆ. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಅಂಗಳದಲ್ಲಿ ಸಣ್ಣದೊಂದು ಮಂಟಪ ಬೇಕೆಂದು ಅತ್ತೆ ಹೇಳಿ ಕಳಿಸಿದಳು. ಇಪ್ಪತ್ತು ಮಂದಿ ಹೆಂಗಸರು ಜೋಗುಳ ಹಾಡಲು ಒಂದು ಬಿಳಿ ಬಟ್ಟೆ ಸಾಕಾಗಿತ್ತು. ಅಪ್ಪ ಹೊಸ ಮಂಟಪವನ್ನೇ ಟೆಂಪೋಕ್ಕೆ ಏರಿಸಿದ, ನಾಲ್ಕೂ ಕನಾತುಗಳ ಸಮೇತ.

“ತೊಟ್ಟಿಲಕ್ಕ ಕೆಂಪ ಯಾಕಪ್ಪಾ?” ಎಂದು ಕೇಳಿದೆ.

“ಹೊಸಾದಲ್ಲಾ, ಮನಿಯವರ ಕಾರ್ಯಕ್ಕ ಮೊದಲ ಹಾಕೂಣು” ಎಂದ. ನನ್ನ ಮುಖ ನೋಡಲಿಲ್ಲ.

ಶಿವರಾತ್ರಿ ಮುಗಿದು ಸ್ವಲ್ಪ ದಿನವಾಗಿತ್ತು. ಖಾನಾಪುರದಲ್ಲಿ ಬಿಸಿಲು ಚುರುಕಾಗಿತ್ತು, ಸಣ್ಣ ಗಾಳಿಯೂ ಇತ್ತು. ಗೂಟ ಇಳಿಯದ ನೆಲ. ಒಂದು ಮೂಲೆಯನ್ನು ಹಲಸಿನ ಬೊಡ್ಡೆಗೆ, ಒಂದನ್ನು ಬಾವಿಕಟ್ಟೆಗೆ, ಉಳಿದೆರಡನ್ನು ಮರಳು ಚೀಲಗಳಿಗೆ ಬಿಗಿದೆವು. ಮೂರು ಕನಾತುಗಳನ್ನು ನಾನು ಕಟ್ಟಿದೆ. ಪಡುವಲ ಕಡೆಯದಕ್ಕೆ ಕೈ ಹಾಕಿದಾಗ ಅಪ್ಪ, “ಅದನ್ನ ನಾ ಕಟ್ತೀನಿ, ನೀ ಹೋಗಿ ಮಾರಿ ತೊಳಕೊಂಡು ಸೀರಿ ಉಡು” ಎಂದ. ಗಂಟು ಹಾಕಿ, ಅಂಗೈಯಿಂದ ತಟ್ಟಿ ಹೋದ.

ಸೀರೆ ಉಡಿಸುತ್ತ ಅತ್ತೆ ಹೇಳಿಬಿಟ್ಟಳು. ನಂದಗಡದವರು, ಹುಡುಗ ಹೈಸ್ಕೂಲಿನಲ್ಲಿ ಮಾಸ್ತರ. ತೊಟ್ಟಿಲ ಊಟಕ್ಕೆ ತಾಯಿ ಮಗ ಇಬ್ಬರೂ ಬರುತ್ತಾರೆ. ಊಟವಾಗಿ ಮಂದಿ ಚದುರಿದ ಮೇಲೆ, ನಾಲ್ಕು ಗಂಟೆಗೆ, ಅಲ್ಲೇ ಮಂಟಪದಲ್ಲಿ ನನ್ನನ್ನು ನೋಡುತ್ತಾರೆ. ಅಲ್ಲಿಯ ತನಕ ನಾನು ಹೊರಗೆ ಬರುವಂತಿಲ್ಲ. ನಾಲ್ಕು ಗಂಟೆಗೆ ಬಿಸಿಲು ಪಡುವಲದಿಂದ ಓರೆಯಾಗಿ ಬೀಳುತ್ತದೆ. ಆ ಕನಾತನ್ನು ಅಪ್ಪ ನನ್ನ ಕೈಗೂ ಬಿಡದೆ ತಾನೇ ಕಟ್ಟಿದ್ದು ಯಾಕೆಂದು ಆಗ ಹೊಳೆಯಿತು.

ನಾನು ಕಪ್ಪು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬಿಸಿಲಲ್ಲಿ ಗೂಟ ಹೊಡೆದು ಇನ್ನಷ್ಟು ಕಪ್ಪಾಗಿದ್ದೆ. ಅದಕ್ಕಿಂತ ಮೊದಲು ಮನೆಗೆ ಬಂದು ನೋಡಿ ಹೋದ ಎರಡು ಕಡೆಯವರು ಬಾಯಿಬಿಟ್ಟು ಹೇಳದಿದ್ದರೂ ಕಾರಣ ಎಲ್ಲರಿಗೂ ಗೊತ್ತಿತ್ತು. ಅಪ್ಪ ಅದನ್ನೆಲ್ಲ ನುಂಗಿಕೊಂಡು, ತನಗೆ ಬರುವ ಒಂದೇ ವಿದ್ಯೆಯನ್ನು ನನಗಾಗಿ ಉಪಯೋಗಿಸಿದ್ದ. ಈಗ ಅದನ್ನು ನೆನೆದರೆ ಅವನ ಮೇಲೆ ಅಕ್ಕರೆ ಬರುತ್ತದೆ. ಆಗ ಮೈಯೆಲ್ಲ ಉರಿದಿತ್ತು.

ನಾಲ್ಕು ಗಂಟೆಗೆ ಚಹಾದ ತಾಟು ಹಿಡಿದು ಒಳಗೆ ಹೋದೆ. ಕನಾತಿನ ಒಳಗೆ, ಚಾಪೆಯ ಮೇಲೆ, ಜನರ ನಡುವೆ ನಾನು ಕುಳಿತದ್ದು ಅದೇ ಮೊದಲು. ಪಡುವಲ ಮೂಲೆಯ ಕಂಬಕ್ಕೆ ಒತ್ತಿ ನನ್ನನ್ನು ಕೂಡಿಸಿದರು. ಎದುರಿಗೆ ತಾಯಿ, ಮಗ. ಬಾಜೂಕೆ ಅತ್ತೆ, ಅಪ್ಪ. ತೊಡೆಯ ಮೇಲಿದ್ದ ನನ್ನ ಕೈಗಳನ್ನು ನೋಡಿಕೊಂಡೆ. ಹೊಂಬಣ್ಣದ, ನುಣುಪಾದ, ಯಾರದೋ ಕೈಗಳು.

ಹುಡುಗ ನನ್ನನ್ನು ಹಾಡು ಬರುತ್ತದೆಯೇ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಲಿಲ್ಲ. ತಲೆಯೆತ್ತಿ ಮಾಡನ್ನು ನೋಡಿ, “ಇದನ್ನ ಹಾಕಾಕ ಎಷ್ಟೊತ್ತ ಬೇಕ್ರಿ?” ಎಂದ.

“ಮೂರ ಮಂದಿ ಇದ್ರ ಅರ್ಧ ತಾಸರಿ” ಎಂದೆ.

“ನೀವೂ ಹಾಕ್ತೀರಿ?”

“ಹಾಕ್ತೀನ್ರಿ. ಬಟ್ಟೀನೂ ನಾನ ಹೊಲದೇನಿ.”

ಅವನು ನಕ್ಕ. ಅಣಕದ ನಗುವಲ್ಲ, ಖುಷಿಯ ನಗು. ನನ್ನ ಕೆಲಸದ ಬಗ್ಗೆ ಅದುವರೆಗೆ ಯಾರೂ ಒಂದು ಮಾತು ಕೇಳಿರಲಿಲ್ಲ. ಅವನು ನನಗೆ ಇಷ್ಟವಾದ. ಎರಡು ಪ್ರಶ್ನೆಗೆ ಯಾರಾದರೂ ಇಷ್ಟವಾಗುತ್ತಾರೆಯೇ ಎಂದು ನೀವು ನಗಬಹುದು. ಬೆರಳಗಲದ ಸಂದಿಯಿಂದ ಲೋಕ ನೋಡಿದವಳಿಗೆ ಎರಡು ಪ್ರಶ್ನೆ ಕಡಿಮೆಯಲ್ಲ.

ಆಗ ಅವನ ತಾಯಿ ಸಮಾಧಾನದಿಂದ ಅತ್ತೆಯ ಕಡೆ ತಿರುಗಿ, “ಹುಡುಗಿ ಲಕ್ಷಣ ಅದಾಳ್ರಿ. ಬಣ್ಣಾನೂ ಚಲೋ ಐತಿ” ಎಂದಳು.

ಅಪ್ಪನ ಮುಖ ಅರಳಿತು. ನನಗೆ ಆ ಸೀರೆಗಳ ಸಾಲು ನೆನಪಾಯಿತು. ಈ ಹೆಂಗಸು ಒಪ್ಪಿದ್ದು ನನ್ನನ್ನಲ್ಲ, ನಾನು ಹೊಲಿದ ಬಟ್ಟೆಯನ್ನು. ಮದುವೆಯಾಗಿ ಮರುದಿನ ಅಂಗಳದ ಬಿಸಿಲಿಗೆ ಬಂದಾಗ ಅವಳ ಮುಖ ಹೇಗಾಗುತ್ತದೆ, ಅವನ ಮುಖ ಹೇಗಾಗುತ್ತದೆ? ಸೀರೆಯಾದರೆ ತಿರುಗಿ ಕೊಡಬಹುದು. ಸಿಟ್ಟು ಬಂದಿತ್ತು, ಖರೆ. ಆದರೆ ಸಿಟ್ಟೊಂದೇ ಅಲ್ಲ. ನಕ್ಕನಲ್ಲ, ಅವನು ನನ್ನನ್ನು ಇದ್ದ ಹಾಗೆ ನೋಡಲಿ, ನೋಡಿಯೂ ಹೂಂ ಅನ್ನಲಿ ಎಂಬ ಆಸೆ ಹುಟ್ಟಿಬಿಟ್ಟಿತು. ಅಂಥ ಆಸೆಗೆ ಧೈರ್ಯ ಜಾಸ್ತಿ, ಬುದ್ಧಿ ಕಡಿಮೆ.

ಸೆರಗಿನ ಮರೆಯಲ್ಲಿ ಕೈ ಹಿಂದಕ್ಕೆ ಹೋಯಿತು. ಕಂಬ ಸಿಕ್ಕಿತು, ಗಂಟು ಸಿಕ್ಕಿತು. ಕಣ್ಣು ಕಟ್ಟಿದರೂ ನನಗೆ ಗಿಡ್ಡ ತುದಿ ಯಾವುದೆಂದು ಗೊತ್ತು. ಎಳೆದೆ.

ಗಾಳಿಗೂ ಅದೇ ಬೇಕಾಗಿತ್ತು. ಕನಾತು ಒಮ್ಮೆ ಉಬ್ಬಿ, ಮೇಲಿನ ಕುಣಿಕೆಗಳನ್ನೂ ಜಗ್ಗಿಕೊಂಡು ನೆಲಕ್ಕೆ ಕುಸಿಯಿತು. ಇಳಿಹೊತ್ತಿನ ಬಿಸಿಲು ಒಮ್ಮೆಲೇ ಒಳಗೆ ಬಂದು ನನ್ನ ಮೇಲೆ ಬಿತ್ತು. ನಾನು ತಲೆ ಬಗ್ಗಿಸಲಿಲ್ಲ. ತಾಯಿಯ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಹುಡುಗ ಎದ್ದು, ಬಿದ್ದ ಕನಾತಿನ ಅಂಚನ್ನು ಎತ್ತಿ ಅಪ್ಪನ ಕೈಗೆ ಕೊಟ್ಟ. ಕೊಟ್ಟು, ನನ್ನನ್ನು ನೋಡಿದ. ನೆಟ್ಟಗೆ, ಬಿಸಿಲಿನಲ್ಲಿ, ಎರಡು ಕ್ಷಣ. ಆಮೇಲೆ ಕೆಳಗೆ ನೋಡಿದ.

ಅಪ್ಪ ಅದನ್ನು ಮತ್ತೆ ಕಟ್ಟಲು ಹೊರಟ. “ಗಂಟ ಜಾರೇತಿ… ಗಂಟ ಹೆಂಗ ಜಾರತು” ಎಂದು ತನಗೆ ತಾನೇ ಅನ್ನುತ್ತಿದ್ದ. ನಾನೇ ಬಿಚ್ಚಿದೆ ಎಂದು ಹೇಳಲು ಬಾಯಿ ತೆರೆದೆ. ಮಂದಿಯ ಮುಂದೆ ಹೇಗೆ ಹೇಳುವುದು? ಸಂಜೆ ಹೇಳಿದರಾಯಿತು ಎಂದುಕೊಂಡೆ.

ಸಂಜೆ ಹೇಳಲಿಲ್ಲ. ಉತ್ತರ ಬರುವ ತನಕ ಕಾಯೋಣ, ಹೂಂ ಎಂದು ಬಂದರೆ ನಗುತ್ತ ಹೇಳೋಣ ಎಂದು ತಡೆದೆ. ಹದಿನೈದು ದಿನ ಅಂಚೆಯವನ ಸೈಕಲ್ಲಿನ ಗಂಟೆಗೆ ಕಿವಿ ಕೊಟ್ಟು ಮಶಿನ್ನು ತುಳಿದೆ. ಪತ್ರ ಬರಲಿಲ್ಲ, ಅತ್ತೆಯೇ ಬಂದಳು.

“ತಾಯಿಗೆ ಮನಸಿಲ್ಲಂತ. ಹುಡುಗನೂ ಸುಮ್ನದಾನಂತ” ಎಂದವಳು, ನಾನು ಒಳಗಿದ್ದೇನೆಂದು ಗೊತ್ತಿದ್ದೂ ಗಟ್ಟಿಯಾಗಿಯೇ ಸೇರಿಸಿದಳು. “ಆ ಹಾಳ ಕನಾತ ಬೀಳದಿದ್ರ ಆಗಿಹೋಗ್ತಿತ್ತ ತಮ್ಮಾ. ಮಂದಿ ಮನಿ ಮಂಟಪಾ ಗಟ್ಟಿ ಕಟ್ತಿ, ನಿನ್ನ ಮಗಳದ ಕಟ್ಟಾಕ ಆಗಲಿಲ್ಲ?”

ಅಪ್ಪ ಹೊರಗೆ ಹೋಗಿ ಹಗ್ಗ ಸುತ್ತುತ್ತ ಕುಳಿತ. ಆಗ ಹೇಳಬೇಕಾಗಿತ್ತು. ಆದರೆ ನನಗೆ ನನ್ನದೇ ದುಃಖವಿತ್ತು. ಆ ಮಾಸ್ತರ ನನ್ನನ್ನು ಬಿಸಿಲಿನಲ್ಲಿ ನೋಡಿದ್ದ, ಹೂಂ ಅಂದಿರಲಿಲ್ಲ. ತಾಯಿಯೊಬ್ಬಳೇ ಬೇಡ ಅಂದಿದ್ದರೆ ಬೈದು ಮರೆಯಬಹುದಿತ್ತು. ಅವನು ಸುಮ್ಮನಿದ್ದದ್ದನ್ನು ಮರೆಯಲಾಗಲಿಲ್ಲ. ಯಾರ ಮುಂದೆಯೂ ಅಳುವ ಹಾಗಿರಲಿಲ್ಲ, ಅವ್ವ ಇರಲಿಲ್ಲ, ಗೆಳತಿಯರಿರಲಿಲ್ಲ. ಬಟ್ಟೆಯ ಖೋಲಿಗೆ ಹೋಗಿ, ಸುತ್ತಿಟ್ಟ ಕನಾತುಗಳ ಮೇಲೆ ಮುಖವಿಟ್ಟು ಅತ್ತುಬಿಟ್ಟೆ. ಹೊಸ ಬಟ್ಟೆಗೆ ಗಂಜಿಯ ವಾಸನೆ ಇನ್ನೂ ಇತ್ತು.

ಆಮೇಲೆ ಅಪ್ಪ ಬದಲಾದ. ಗಂಟಿನ ಮೇಲೊಂದು ಗಂಟು, ಅದರ ಮೇಲೆ ಇನ್ನೊಂದು. ತಟ್ಟಿ ಹೋಗುತ್ತಿದ್ದವನು ಮೂರು ಮೂರು ಸಲ ತಿರುಗಿ ಬಂದು ಜಗ್ಗಿ ನೋಡುತ್ತಿದ್ದ. ಊಟಕ್ಕೆ ಕುಳಿತವನು ಅರ್ಧಕ್ಕೆ ಎದ್ದು, “ಆ ಮೂಡಲ ಕಡೇದೊಂದ ನೋಡಿ ಬರ್ತೀನಿ” ಎಂದು ಸೈಕಲ್ಲು ಹತ್ತುತ್ತಿದ್ದ. ಕೆಲಸದ ಆಳುಗಳು ಮರೆಯಲ್ಲಿ ನಗುತ್ತಿದ್ದರು. ನಾನು, “ಅಪ್ಪಾ, ಇಷ್ಟ ಗಂಟ ಹಾಕಿದ್ರ ಗಾಳಿ ಬಂದಾಗ ಬಿಚ್ಚೂದ ಹೆಂಗ?” ಎಂದು ಕೇಳಿದರೆ, “ಬಿಚ್ಚೂದ ಬ್ಯಾಡ, ನಿಂತರ ಸಾಕು” ಎನ್ನುತ್ತಿದ್ದ. ನನ್ನನ್ನು ಮತ್ತೆ ಒಂದೆರಡು ಕಡೆಯವರು ಕೇಳಿದರು, ಆಗಲಿಲ್ಲ. ಆಮೇಲೆ ಕೇಳುವುದೂ ನಿಂತಿತು. ಪ್ರತಿ ಸಲವೂ ಅಪ್ಪ ನನ್ನನ್ನು ನೋಡದೆ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ನಾವಿಬ್ಬರೇ. ಇಬ್ಬರೂ ಒಂದೇ ವಿಷಯ ಯೋಚಿಸುತ್ತ, ಅದೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತಿದ್ದೆವು. ವರ್ಷ ಕಳೆದಂತೆ ಹೇಳುವುದು ಸುಲಭವಾಗುತ್ತದೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಅದರ ಜೊತೆ ಬೆಳೆಯುತ್ತ ಹೋಯಿತು.

ಏಳೆಂಟು ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ನಂದಗಡದಿಂದಲೇ ಮದುವೆಯೊಂದರ ಕರೆ ಬಂತು. ಆ ಊರಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಮಾಸ್ತರರಿಗೆ ಅಷ್ಟರಲ್ಲಿ ಇಬ್ಬರು ಮಕ್ಕಳೆಂದು ಅತ್ತೆಯಿಂದ ತಿಳಿದಿತ್ತು. ಆದರೂ ಹೋದೆ. ಮದುವೆ ಬೇರೆ ಓಣಿಯಲ್ಲಿತ್ತು, ಅವರ ಮನೆ ಯಾವುದೆಂದು ನಾನು ಕೇಳಲಿಲ್ಲ. ದಾರಿಯಲ್ಲಿ ಹೋಗುವ ಮಾಸ್ತರರಂಥವರನ್ನೆಲ್ಲ ಮಾತ್ರ ನೋಡಿದೆ.

ಹಿಂದಿನ ದಿನ ಅಡ್ಡಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಅಪ್ಪ ಎಂದಿನಂತೆ ಮೂರು ಮೂರು ಗಂಟು ಹಾಕಿದ. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದು, ಜನ ಊಟಕ್ಕೆ ಗುಡಿಯ ಕಟ್ಟೆಯ ಕಡೆ ಎದ್ದು ಹೋದ ಸ್ವಲ್ಪ ಹೊತ್ತಿಗೆ ಆಕಾಶ ಕಪ್ಪಿಟ್ಟು ಗಾಳಿ ಎದ್ದಿತು. ಎಂಥ ಗಾಳಿಯೆಂದರೆ ಜಾಲರಿಗಳು ನೆಟ್ಟಗೆ ನಿಂತವು.

“ಕನಾತ ಬಿಡಸ್ರೋ!” ಎಂದು ಅಪ್ಪನೇ ಕೂಗಿದ. ಕೂಗಿ, ತಾನೇ ಓಡಿದ.

ಗಂಟು ಬಿಚ್ಚಲಿಲ್ಲ. ಒದ್ದೆಯಾದ ಹಗ್ಗ, ಮೂರು ಗಂಟು, ಒಂದರ ಮೇಲೊಂದು. ನಾನು ಉಗುರು ಹಾಕಿ ಕಿತ್ತೆ. ಆಳೊಬ್ಬ ಕುಡುಗೋಲು ತರಲು ಓಡಿದ. ಅಷ್ಟರಲ್ಲಿ ಕನಾತುಗಳು ಗಾಳಿ ತುಂಬಿಕೊಂಡು ಇಡೀ ಶಾಮಿಯಾನವನ್ನು ಗೂಟಗಳ ಸಮೇತ ಎತ್ತಿದವು. ನಡುವಿನ ಕಂಬ ಅಪ್ಪನ ಭುಜದ ಮೇಲೆ ಬಿತ್ತು. ಒಳಗೆ ಮತ್ತಾರೂ ಇರಲಿಲ್ಲ, ಅದು ಪುಣ್ಯ. ಬಟ್ಟೆಯ ಕೆಳಗಿನಿಂದ ಅಪ್ಪನನ್ನು ಎಳೆದು ತೆಗೆದಾಗ ಅವನ ಬಲಗೈ ಜೋತು ಬಿದ್ದಿತ್ತು. ಗಿಡ್ಡ ತುದಿಯ ಒಂದೇ ಗಂಟಿದ್ದಿದ್ದರೆ ಎಂಟು ಕನಾತುಗಳನ್ನು ನಾನೊಬ್ಬಳೇ ಕೆಡವುತ್ತಿದ್ದೆ. ಅಪ್ಪನ ಭುಜ ಮುರಿದದ್ದು ಕಂಬವಲ್ಲ, ನಾನು.

ಬೆಳಗಾವಿಗೆ ಕರೆತಂದು ಪ್ಲಾಸ್ಟರು ಹಾಕಿಸಿದೆವು. ಅಪ್ಪ ಮಂಚದ ಮೇಲೆ ಸುಮ್ಮನೆ ಮಲಗಿರುತ್ತಿದ್ದ. ಒಂದು ಮಧ್ಯಾಹ್ನ ಚಹಾ ಕೊಡಲು ಹೋದಾಗ ಅವನು ಗೋಡೆಯ ಕಡೆ ನೋಡುತ್ತ ಹೇಳಿದ.

“ದಂಧೆ ಬಿಟ್ಟಬಿಡೂಣವ್ವ. ಸಡ್ಲ ಕಟ್ಟಿ ನಿನ್ನ ಬಾಳೇವು ಕೆಡಿಸಿದೆ, ಬಿಗಿ ಕಟ್ಟಿ ಮಂದಿ ಜೀವಾ ತಗೀತಿದ್ದೆ. ನನ್ನ ಕೈಯಾಗ ಇನ್ನ ಏನೂ ಉಳದಿಲ್ಲ.”

ಚಹಾದ ಕಪ್ಪನ್ನು ಕೆಳಗಿಟ್ಟೆ. “ಅಪ್ಪಾ, ಖಾನಾಪುರದಾಗ ಗಂಟ ಜಾರಲಿಲ್ಲ. ನಾ ಬಿಚ್ಚಿದೆ.”

ಅವನಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಬೈಯುತ್ತಾನೆ, ಅಳುತ್ತಾನೆ, ಮುಖ ತಿರುಗಿಸುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಬೇರೆ.

“ಯಾವ ತುದಿ ಎಳದಿ?”

“ಗಿಡ್ಡದ್ದು.”

“ಒಂದು ಹಗ್ಗಾ ತಾ.”

ತಂದುಕೊಟ್ಟೆ. ಎಡಗೈ ಮತ್ತು ಹಲ್ಲಿನಿಂದ ಮಂಚದ ಕಾಲಿಗೆ ಹಳೆಯ ಗಂಟು ಹಾಕಿದ. ಉದ್ದ ತುದಿಯನ್ನು ತಾನು ಜಗ್ಗಿದ. ಬಿಗಿಯಿತು. ಇನ್ನೂ ಜಗ್ಗಿದ, ಮಂಚ ಕಿರುಗುಟ್ಟಿತೇ ಹೊರತು ಗಂಟು ಅಲುಗಲಿಲ್ಲ. “ಈಗ ನೀ” ಎಂದ. ಗಿಡ್ಡ ತುದಿ ಎಳೆದೆ. ಬಿಚ್ಚಿಕೊಂಡಿತು.

“ಗಾಳಿ ಗಿಡ್ಡ ತುದಿ ಎಳಿಯೂದಿಲ್ಲಂತ ನಾನ ನಿನಗ ಕಲಿಸೀನಿ” ಎಂದು ನಕ್ಕ. “ನನಗ ಹೊಳಿಲಿಲ್ಲ ನೋಡು. ನಿನ್ನ ಮ್ಯಾಲ ಸಂಶೇ ಬರಲೇ ಇಲ್ಲ.”

ಎಂಟು ವರ್ಷ ಅವನಿಗೆ ತನ್ನ ಕೈಯ ಮೇಲೆ ಸಂಶಯ ಬಂದಿತ್ತು, ಮಗಳ ಮೇಲೆ ಬಂದಿರಲಿಲ್ಲ. ನನಗೆ ಅವನ ಕಾಲು ಹಿಡಿದು ಅಳಬೇಕೆನಿಸಿತು. ಅವನು ತಣ್ಣಗಾದ ಚಹಾವನ್ನು ಎತ್ತಿ ಕುಡಿದ. ಅರ್ಧ ಕುಡಿದ ಮೇಲೆ ಕೇಳಿದ.

“ಯಾಕ ಎಳದಿ?”

“ಬಿಸಲಾಗ ನೋಡ್ಲಿ ಅಂತ.”

“ನೋಡಿದ್ನಲ್ಲಾ?”

“ನೋಡಿದಾ.”

ಅಪ್ಪ ತಲೆಯಾಡಿಸಿದ. ಉಳಿದ ಚಹಾ ಕುಡಿದು ಕಪ್ಪನ್ನು ನನ್ನ ಕೈಗೆ ಕೊಟ್ಟ. ಆ ವಿಷಯ ನಾವು ಮತ್ತೆ ಎಂದೂ ಮಾತಾಡಲಿಲ್ಲ.

ದೀಪಾವಳಿ ಕಳೆದು, ಕೈ ಸ್ವಲ್ಪ ಏಳುವಂತಾದಾಗ ನಮ್ಮ ಓಣಿಯಲ್ಲೇ ಒಂದು ಸಣ್ಣ ಮದುವೆಯ ಕೆಲಸ ಒಪ್ಪಿಕೊಂಡೆವು. ಅಪ್ಪ ಮೊದಲ ಕನಾತನ್ನು ಕಂಬಕ್ಕೆ ತಂದ. ಒಂದೇ ಗಂಟು ಹಾಕಿದ. ಅಂಗೈಯಿಂದ ತಟ್ಟಿದ. ಹಿಂದಿರುಗಿ ನೋಡದೆ ಮುಂದಿನ ಕಂಬಕ್ಕೆ ನಡೆದ, ಮೊದಲಿನ ಹಾಗೆಯೇ. ಅದನ್ನು ನೋಡಿ ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಬೇಕಿತ್ತು. ಇಳಿಯಿತು ಕೂಡ. ಆದರೆ ಅದೇ ಗಳಿಗೆಯಲ್ಲಿ, ಬೆಳಗಿನ ಬಿಸಿಲಿನಲ್ಲಿ ಆ ಕಂಬದ ಹತ್ತಿರ ನಿಂತು, ನನಗೆ ಹಿಂದೆಂದೂ ಅನ್ನಿಸದಷ್ಟು ಒಂಟಿ ಅನ್ನಿಸಿತು. ಅಲ್ಲಿಯ ತನಕ ನಾನು ಒಂಟಿಯಾಗಿ ಉಳಿದದ್ದು ತನ್ನ ತಪ್ಪೆಂದು ಅಪ್ಪ ಅದರ ಅರ್ಧ ಭಾರ ಹೊತ್ತಿದ್ದ. ಅಂದಿನಿಂದ ಅದು ಪೂರ್ತಿ ನನ್ನದಾಯಿತು.

ಅಪ್ಪ ಮೂರನೆಯ ಕಂಬದಿಂದ, “ಏನ ನಿಂತಿ? ಹಗ್ಗಾ ತಾ” ಎಂದು ಕರೆದ. ಹಗ್ಗ ಎತ್ತಿಕೊಂಡು ಹೋದೆ.